ಗಾಲ್ಫ್ ಕ್ಲಬ್‌ಗೆ ಹೊರಡುವ ಮುನ್ನ ಕಾರ್ಯದರ್ಶಿಗೊಂದು ಪತ್ರ ಬರೆಯಿರಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾರಾಂತ್ಯದ ಪುಟದಲ್ಲಿ, ಮೈಸೂರಿಗೆ ಬಂದವರು ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಗಾಲ್ಫ್ ಮೈದಾನವೂ ಸೇರಿದ್ದು ಕಂಡು ಖುಷಿಯಾಯಿತು. ಆದರೆ ಅರಮನೆ, ಮೃಗಾಲಯಗಳ ಸಾಲಿನಲ್ಲೇ ಅದನ್ನೂ ನಿಲ್ಲಿಸಿ ‘ಬೆಳಿಗ್ಗೆ ಹೋಗಿ ಒಂದು ಕೈ ನೋಡಿ ಬನ್ನಿ’ ಎಂದು ಬರೆದುಬಿಟ್ಟಿದ್ದೀರಿ. ಅದನ್ನು ನಂಬಿ ಹೊರಟವರು ಗೇಟಿನ ಸೆಕ್ಯುರಿಟಿಯವರ ಹತ್ತಿರ ಮಾತಾಡಿ ವಾಪಸ್ ಬರುವ ಸಂಭವವೇ ಹೆಚ್ಚು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ 4ನೇ ಸ್ಥಾನ ಪಡೆದ ಮೇಲೆ ಈ ಆಟದ ಬಗ್ಗೆ ನಮ್ಮ ಕಡೆ ಕುತೂಹಲ ಹೆಚ್ಚಿದೆ. ಮಂಡ್ಯ, ಮದ್ದೂರಿನಿಂದಲೂ ವಿಚಾರಿಸುವವರಿದ್ದಾರೆ. ಅವರಿಗೆ ಉಪಯೋಗವಾಗಲೆಂದು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಸಾಧ್ಯವಾದಷ್ಟು ಪ್ರಕಟಿಸಿ.

ನಮ್ಮ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇರುವುದು ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್‌ಕೋರ್ಸ್ ಆವರಣದೊಳಗೆ. ಅದು ಸದಸ್ಯರ ಕ್ಲಬ್. ಮಡಿಕೇರಿಯ ಮರ್ಕೆರಾ ಡೌನ್ಸ್, ವಿರಾಜಪೇಟೆ ಹತ್ತಿರ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್, ಇವೆಲ್ಲ ನಮ್ಮವರು ಆಡಲು ಹೋಗುವ ಜಾಗಗಳು. ಇಂಥ ಕ್ಲಬ್ ಎಂದರೆ ಮನೆಯ ಜಗಲಿ ಇದ್ದ ಹಾಗೆ. ಗೊತ್ತಿದ್ದವರು ಕರೆದುಕೊಂಡು ಬಂದರೆ ಕೂರಿಸಿ ನೀರು ಕೊಡುತ್ತಾರೆ, ದಾರಿಹೋಕರು ತಾವಾಗಿ ಬಂದು ಕೂತರೆ ‘ಯಾರು ಬೇಕಾಗಿತ್ತು?’ ಎನ್ನುತ್ತಾರೆ. ಇದರಲ್ಲಿ ಅವಮಾನದ ಮಾತೇನೂ ಇಲ್ಲ. ಮೈದಾನದ ಖರ್ಚು ಸದಸ್ಯರ ಚಂದಾ ಹಣದಿಂದ ನಡೆಯುತ್ತದೆ, ಬೆಳಗಿನ ಒಳ್ಳೆಯ ಹೊತ್ತು ಮೊದಲು ಅವರಿಗೆ ಸಲ್ಲುತ್ತದೆ.

ಹೊರಗಿನವರಿಗೆ ಸಾಮಾನ್ಯವಾಗಿ ಮೂರು ದಾರಿ ಇರುತ್ತವೆ. ಸದಸ್ಯರೊಬ್ಬರ ಅತಿಥಿಯಾಗಿ, ಅವರ ಜೊತೆಯಲ್ಲೇ ಆಡುವುದು ಮೊದಲನೆಯದು. ಸುಲಭವೂ ಅಗ್ಗವೂ ಇದೇ, ಏಕೆಂದರೆ ಅತಿಥಿಯ ಗ್ರೀನ್ ಫೀ, ಅಂದರೆ ಮೈದಾನದಲ್ಲಿ ಆಡುವ ಶುಲ್ಕ, ಬಹುತೇಕ ಕಡೆ ಕಡಿಮೆ. ಎರಡನೆಯದು, ನೀವು ಇನ್ನೊಂದು ಗಾಲ್ಫ್ ಕ್ಲಬ್‌ನ ಸದಸ್ಯರಾಗಿದ್ದು ಎರಡೂ ಕ್ಲಬ್‌ಗಳ ನಡುವೆ ಪರಸ್ಪರ ಒಪ್ಪಂದ ಇರುವುದು. ಆಗ ನಿಮ್ಮ ಕ್ಲಬ್‌ನ ಕಾರ್ಯದರ್ಶಿ ಸಹಿ ಹಾಕಿದ ಪರಿಚಯ ಪತ್ರ ಬೇಕು. ಸದಸ್ಯತ್ವದ ಕಾರ್ಡ್ ಒಂದನ್ನೇ ತೋರಿಸಿದರೆ ಸಾಲದು. ಹಲವೆಡೆ ಈ ಪತ್ರಕ್ಕೆ ಅವಧಿಯೂ ಇರುತ್ತದೆ, ಕಳೆದ ವರ್ಷದ್ದನ್ನು ತಂದು ಸಿಕ್ಕಿಬೀಳುವವರು ಬೇಕಾದಷ್ಟು ಜನ. ಮೂರನೆಯದು, ಯಾರ ಪರಿಚಯವೂ ಇಲ್ಲದೆ ನೇರವಾಗಿ ವಿಸಿಟರ್ ಆಗಿ ಹೋಗುವುದು. ಇದಕ್ಕೆ ಕೆಲವು ಕ್ಲಬ್‌ಗಳು ವಾರದ ನಡುವಿನ ದಿನಗಳಲ್ಲಿ ಮಾತ್ರ ಒಪ್ಪುತ್ತವೆ, ಕೆಲವು ಒಪ್ಪುವುದೇ ಇಲ್ಲ. ಯಾವುದು ಹೇಗೆಂದು ಅಲ್ಲಿನ ಕಚೇರಿಯೇ ಹೇಳಬೇಕು, ಇಂಟರ್‌ನೆಟ್‌ನಲ್ಲಿ ಸಿಗುವ ಹಳೆಯ ದರಪಟ್ಟಿಯನ್ನು ನೆಚ್ಚಬೇಡಿ.

ಆದ್ದರಿಂದ ಮೊದಲ ಕೆಲಸ, ಹದಿನೈದು ದಿನ ಮುಂಚೆ ಕಾರ್ಯದರ್ಶಿಗೆ ಒಂದು ಪತ್ರ ಅಥವಾ ಇಮೇಲ್. ನಾಲ್ಕೇ ಸಾಲು ಸಾಕು, ಆದರೆ ಆ ನಾಲ್ಕು ಸಾಲಿನಲ್ಲಿ ಎಲ್ಲವೂ ಇರಬೇಕು. ಎಷ್ಟು ಜನ, ಪ್ರತಿಯೊಬ್ಬರ ಹೆಸರು, ಊರ ಕ್ಲಬ್ ಮತ್ತು ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ). ಬರುವ ದಿನ, ಅದು ಆಗದಿದ್ದರೆ ಬೇರೆ ಎರಡು ದಿನ. 9 ಹೋಲ್ (ಚೆಂಡು ಬೀಳಿಸಬೇಕಾದ ಗುಳಿ) ಆಡುವುದೋ 18 ಹೋಲೋ. ಚೀಲ ಹೊತ್ತು ಜೊತೆಗೆ ಬರುವ ಕ್ಯಾಡಿಗಳು ಎಷ್ಟು ಬೇಕು. ಕ್ಲಬ್ ಸೆಟ್, ಅಂದರೆ ಚೆಂಡು ಹೊಡೆಯುವ ಕೋಲುಗಳು, ಬಾಡಿಗೆಗೆ ಬೇಕೇ. ಆಟದ ಮೇಲೆ ಊಟ ಅಲ್ಲೇ ಮಾಡುವಿರಾ. ಊಟದ ವಿಷಯವನ್ನು ಯಾರೂ ಬರೆಯುವುದಿಲ್ಲ. ಮೈದಾನಕ್ಕೆ ಅನುಮತಿ ಸಿಕ್ಕವರಿಗೆಲ್ಲ ಡೈನಿಂಗ್ ಹಾಲ್‌ಗೂ ಅನುಮತಿ ಇರುತ್ತದೆ ಎಂದೇನಿಲ್ಲ, ಕೆಲವೆಡೆ ಅದಕ್ಕೆ ಒಂದು ದಿನದ ತಾತ್ಕಾಲಿಕ ಸದಸ್ಯತ್ವವನ್ನು ಬೇರೆಯಾಗಿ ಮಾಡಿಸಬೇಕು. ಉತ್ತರ ಬಂದರೆ ಅದರ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಬೆಳಿಗ್ಗೆ 6 ಗಂಟೆಗೆ ಕಚೇರಿ ತೆರೆದಿರುವುದಿಲ್ಲ, ಗೇಟಿನಲ್ಲಿರುವವರಿಗೆ ನಿಮ್ಮ ಇಮೇಲ್ ಗೊತ್ತಿರುವುದಿಲ್ಲ.

ಹ್ಯಾಂಡಿಕ್ಯಾಪ್ ಬಗ್ಗೆ ಹೊಸಬರಿಗೆ ಗೊಂದಲ ಜಾಸ್ತಿ. 2020ರಿಂದ ವಿಶ್ವದಾದ್ಯಂತ ಒಂದೇ ಪದ್ಧತಿ ಬಂದಿದೆ. ಗಂಡಸರಿಗೂ ಹೆಂಗಸರಿಗೂ ಗರಿಷ್ಠ 54. ನಿಮ್ಮ ಸರ್ಟಿಫಿಕೇಟ್‌ನಲ್ಲಿ ಇರುವುದು ಇಂಡೆಕ್ಸ್, ಅದನ್ನೇ ಎಲ್ಲ ಮೈದಾನದಲ್ಲೂ ಹಾಗೇ ಬಳಸುವಂತಿಲ್ಲ. ಇಂಡೆಕ್ಸನ್ನು ಆ ಮೈದಾನದ ಸ್ಲೋಪ್ ರೇಟಿಂಗ್‌ನಿಂದ (ಸಾಧಾರಣ ಆಟಗಾರರಿಗೆ ಅದು ಎಷ್ಟು ಕಷ್ಟ ಎಂಬ ಅಂಕಿ) ಗುಣಿಸಿ 113ರಿಂದ ಭಾಗಿಸಬೇಕು, ಅದಕ್ಕೆ ಕೋರ್ಸ್ ರೇಟಿಂಗ್ (ನುರಿತವರಿಗೆ ಅಲ್ಲಿ ಬೇಕಾಗುವ ಹೊಡೆತ) ಮತ್ತು ಪಾರ್ (ನಿಗದಿಯಾದ ಹೊಡೆತ) ನಡುವಿನ ವ್ಯತ್ಯಾಸ ಸೇರಿಸಬೇಕು. ಇಂಡೆಕ್ಸ್ 18, ಸ್ಲೋಪ್ 125, ಕೋರ್ಸ್ ರೇಟಿಂಗ್ 70.5, ಪಾರ್ 70 ಎಂದಿಟ್ಟುಕೊಳ್ಳಿ. 18 ಗುಣಿಲೆ 125, ಭಾಗಿಲೆ 113 ಅಂದರೆ 19.9, ಅದಕ್ಕೆ ಅರ್ಧ ಸೇರಿಸಿದರೆ 20.4. ಆ ದಿನ ನಿಮಗೆ 20 ಹೊಡೆತದ ರಿಯಾಯಿತಿ. ಮೊದಲ ಟೀ (ಹೋಲ್ ಶುರು ಮಾಡುವ ಜಾಗ) ಹತ್ತಿರದ ಫಲಕದಲ್ಲಿ ಅಥವಾ ಸ್ಕೋರ್ ಕಾರ್ಡಿನಲ್ಲಿ ಈ ಅಂಕಿಗಳಿರುತ್ತವೆ. ಅತಿಥಿಗಳಾಗಿ ಹೋದವರು ಸ್ಟೇಬಲ್‌ಫೋರ್ಡ್ ಲೆಕ್ಕದಲ್ಲಿ ಆಡುವುದು ವಾಸಿ. ಒಂದು ಹೋಲ್‌ನಲ್ಲಿ ರಿಯಾಯಿತಿ ಕಳೆದ ಮೇಲೆ ಪಾರ್ ಬಂದರೆ 2 ಪಾಯಿಂಟ್, ಒಂದು ಹೆಚ್ಚಾದರೆ 1, ಒಂದು ಕಡಿಮೆಯಾದರೆ 3. ಎರಡು ಹೆಚ್ಚಾದರೆ ಸೊನ್ನೆ, ಅಲ್ಲಿಗೆ ಚೆಂಡೆತ್ತಿಕೊಂಡು ಮುಂದಿನ ಹೋಲ್‌ಗೆ ನಡೆಯಬಹುದು. ಹಿಂದಿನ ಗುಂಪು ನಿಮ್ಮನ್ನು ಶಪಿಸುವುದು ತಪ್ಪುತ್ತದೆ.

ಹ್ಯಾಂಡಿಕ್ಯಾಪ್ ಇಲ್ಲದವರು, ಕ್ಲಬ್ ಹಿಡಿದೇ ಗೊತ್ತಿಲ್ಲದವರು ನೇರವಾಗಿ ಮೈದಾನಕ್ಕಿಳಿಯುವ ಆಸೆ ಬಿಡಬೇಕು. ಚೆಂಡು ಹೊಡೆದು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್ ಇರುವ ಕಡೆ ಒಂದು ಬುಟ್ಟಿ ಚೆಂಡು ತೆಗೆದುಕೊಂಡು, ಕೋಚ್ ಹತ್ತಿರ ಅರ್ಧ ಗಂಟೆ ಕಲಿತು ಬರಲಿ. ಅದೇ ಒಂದು ಒಳ್ಳೆಯ ಭಾನುವಾರ.

ಇನ್ನು ದಿನ ಗೊತ್ತು ಮಾಡುವ ವಿಷಯ. ಮೈಸೂರಿನಲ್ಲಿ ಗಾಲ್ಫ್ ಮೈದಾನ ರೇಸ್‌ಕೋರ್ಸ್‌ನೊಳಗೇ ಇರುವುದರಿಂದ, ನಿಮ್ಮ ದಿನ ಕುದುರೆ ಓಟದ ದಿನವೇ ಎಂಬುದನ್ನು ಮೊದಲು ಕೇಳಿ. ಬೇರೆ ಕಡೆಗಳಲ್ಲೂ ಮೂರು ಪ್ರಶ್ನೆ ಮರೆಯಬಾರದು. ನಿರ್ವಹಣೆಗೆಂದು ವಾರದಲ್ಲಿ ಒಂದು ದಿನ ರಜೆ ಇದೆಯೇ? ಬಹಳಷ್ಟು ಕ್ಲಬ್‌ಗಳಲ್ಲಿ ಅದು ಸೋಮವಾರ. ಆ ವಾರಾಂತ್ಯ ಟೂರ್ನಿ ಅಥವಾ ತಿಂಗಳ ಮೆಡಲ್ ಸ್ಪರ್ಧೆ ಇದೆಯೇ? ಗ್ರೀನ್‌ಗಳಿಗೆ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ತೂತು ಹೊಡೆದು ಮರಳು ಹಾಕಿದ್ದಾರೆಯೇ? ಈ ಕೊನೆಯದನ್ನು ಕೇಳುವವರು ಅಪರೂಪ. ಓಡಾಟದಿಂದ ಗಟ್ಟಿಯಾದ ಮಣ್ಣಿಗೆ ಗಾಳಿ, ನೀರು ಇಳಿಯಲೆಂದು ಗ್ರೀನ್ ತುಂಬ ಬೆರಳು ಗಾತ್ರದ ತೂತುಗಳನ್ನು ಹೊಡೆದು ಮೇಲೆ ಮರಳು ಎರಚುತ್ತಾರೆ. ಹುಲ್ಲು ಚುರುಕಾಗಿ ಬೆಳೆಯುವ ಕಾಲದಲ್ಲೂ ಅದು ಸರಿಹೋಗಲು ಎರಡು ಮೂರು ವಾರ ಬೇಕು. ಅಷ್ಟು ದಿನ ಚೆಂಡು ಕುಪ್ಪಳಿಸುತ್ತಾ ಹೋಗುತ್ತದೆ. ಪೂರ್ತಿ ಹಣ ಕೊಟ್ಟು ಅದರ ಮೇಲೆ ಆಡುವುದಕ್ಕಿಂತ ತಿಂಗಳು ಕಾಯುವುದು ಮೇಲು.

ಹವಾಮಾನದ ಲೆಕ್ಕ ನಮ್ಮ ರೈತರಿಗೆ ಗೊತ್ತಿರುವ ಲೆಕ್ಕವೇ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಮೈಸೂರು ಸೀಮೆಯಲ್ಲಿ ಗಾಲ್ಫ್‌ಗೆ ಹೇಳಿ ಮಾಡಿಸಿದ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ನೆಲ ಗಟ್ಟಿಯಾಗಿ ಚೆಂಡು ಬಿದ್ದ ಮೇಲೂ ಇಪ್ಪತ್ತು ಮೂವತ್ತು ಗಜ ಉರುಳುತ್ತದೆ, ಆದರೆ ಹತ್ತೂವರೆಯ ನಂತರ ಬಿಸಿಲು ತಡೆಯುವುದಿಲ್ಲ. ಏಪ್ರಿಲ್ ಕೊನೆಗೆ ಭರಣಿ, ಅದರ ಹಿಂದೆ ಕೃತ್ತಿಕೆ. ಭರಣಿ ಮಳೆಯಾದರೆ ಧರಣಿ ಬೆಳೆ ಎಂಬ ಮಾತು ಹೊಲಕ್ಕೆ ಸರಿ, ಗಾಲ್ಫ್ ಆಡುವವರಿಗೆ ಅದು ಗುಡುಗು ಸಿಡಿಲಿನ ಕಾಲ. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಒಮ್ಮೆಲೇ ಸುರಿಯುತ್ತದೆ. ಆಷಾಢದಲ್ಲಿ ಮೈಸೂರಿನಲ್ಲಿ ಬರೀ ಸೋನೆ, ಆಡಲು ಅಡ್ಡಿಯಿಲ್ಲ. ಅದೇ ಹೊತ್ತಿಗೆ ಮಡಿಕೇರಿ ಕಡೆ ಫೇರ್‌ವೇಗಳಲ್ಲಿ (ಟೀಯಿಂದ ಗ್ರೀನ್‌ವರೆಗಿನ ಹುಲ್ಲುಹಾದಿ) ಕಾಲಿಡುವಂತಿರುವುದಿಲ್ಲ, ಕೊಡಗಿನ ಪ್ರವಾಸವನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಸೆಪ್ಟೆಂಬರ್ ಕೊನೆಯಿಂದ ಹಸ್ತ, ಚಿತ್ತೆ, ಸ್ವಾತಿ ಮಳೆಗಳಲ್ಲಿ ಮತ್ತೆ ಮಧ್ಯಾಹ್ನದ ಸಿಡಿಲು. ದಸರಾ ಬೀಳುವುದೂ ಈ ಹೊತ್ತಿಗೇ. ರೂಮು ಸಿಗುವುದಿಲ್ಲ, ನಗರದೊಳಗೆ ಕಾರು ಕದಲುವುದಿಲ್ಲ. ದಸರಾ ನೋಡಲು ಬಂದವರು ದಸರಾ ನೋಡಲಿ, ಗಾಲ್ಫ್ ಇನ್ನೊಮ್ಮೆ.

ಯಾವ ತಿಂಗಳಾದರೂ ಮೊದಲ ಟೀ ಟೈಮ್, ಅಂದರೆ ಆಟ ಶುರು ಮಾಡುವ ವೇಳೆ, ಕೇಳಿ. ಮೈಸೂರಿನಲ್ಲಿ ಮೇ ತಿಂಗಳಲ್ಲಿ ಸುಮಾರು 6 ಗಂಟೆಗೆ, ಜನವರಿಯಲ್ಲಿ 6.45ರ ಹೊತ್ತಿಗೆ ಸೂರ್ಯೋದಯ. ನಾಲ್ವರ ಗುಂಪು 18 ಹೋಲ್ ನಡೆದು ಮುಗಿಸಲು ನಾಲ್ಕರಿಂದ ನಾಲ್ಕೂವರೆ ಗಂಟೆ ಬೇಕು. ಹಾಗಾಗಿ ಏಳಕ್ಕೆ ಶುರು ಮಾಡಿದವರಿಗೂ ಕೊನೆಯ ಐದಾರು ಹೋಲ್ ಬಿಸಿಲಿನಲ್ಲೇ. ಟೀ ಟೈಮ್‌ಗೆ 45 ನಿಮಿಷ ಮುಂಚೆ ಅಲ್ಲಿರಬೇಕು. ರಿಜಿಸ್ಟರ್‌ನಲ್ಲಿ ಬರೆದು ಹಣ ಕಟ್ಟಲು, ಕ್ಯಾಡಿ ಸಿಗಲು, ಷೂ ಬದಲಿಸಲು, ಹತ್ತು ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಹೊಡೆದು ಗ್ರೀನ್‌ನ ವೇಗ ತಿಳಿಯಲು ಅಷ್ಟು ಹೊತ್ತು ಬೇಕು. ಬೆಂಗಳೂರಿನಿಂದ ಅದೇ ಬೆಳಿಗ್ಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಹೊರಟು ಬರುತ್ತೇವೆ ಎನ್ನುವವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು. ಮಂಡ್ಯದವರಿಗೆ ಆ ಕಷ್ಟವಿಲ್ಲ, ಬೆಳಗಿನ ಜಾವ ಹೊರಟರೆ ಒಂದು ಗಂಟೆಯ ದಾರಿ.

ಸಿಡಿಲಿನ ಬಗ್ಗೆ ಬಿಗಿಯಾಗಿಯೇ ಹೇಳಬೇಕು. ಕ್ಲಬ್ ಒಂದು ದೀರ್ಘ ಸೈರನ್ ಹಾಕಿದರೆ ಆ ಕ್ಷಣವೇ ಆಟ ನಿಲ್ಲಿಸಬೇಕು, ‘ಈ ಪಟ್ ಒಂದು ಮುಗಿಸಿ’ ಎಂಬುದಿಲ್ಲ. ಎರಡು ಚಿಕ್ಕ ಸೈರನ್ ಅಂದರೆ ಮತ್ತೆ ಶುರು. ಸೈರನ್ ಇರದ ಕಡೆ, ಮಿಂಚು ಕಂಡ ಮೇಲೆ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಮೈದಾನ ಬಿಡಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಒಂಟಿ ಮರದಡಿ ನಿಲ್ಲುವುದು, ಕೊಡೆ ಬಿಚ್ಚುವುದು ಎರಡೂ ಅಪಾಯ. ಮೇಲೆ ಚಾವಣಿ ಇದ್ದರೂ ಬದಿ ತೆರೆದಿರುವ ಗಾಲ್ಫ್ ಕಾರ್ಟ್ ರಕ್ಷಣೆ ಕೊಡುವುದಿಲ್ಲ. ಕಟ್ಟಡ ಅಥವಾ ಕಿಟಕಿ ಮುಚ್ಚಿದ ಕಾರು ಕೊಡುತ್ತದೆ. ಚೀಲ ಹೊತ್ತು ಹಿಂದೆ ಉಳಿಯುವ ಕ್ಯಾಡಿಯನ್ನೂ ಮಳೆಗೆ ಮೊದಲೇ ಜೊತೆಗೆ ಕರೆದುಕೊಂಡು ಬನ್ನಿ, ಚೀಲ ಅಲ್ಲೇ ಬಿದ್ದಿರಲಿ.

ಉಡುಪಿನಲ್ಲಿ ಕಾಲರ್ ಇರುವ ಟೀ ಶರ್ಟ್ ಅಥವಾ ಶರ್ಟ್, ಒಳಗೆ ಸಿಕ್ಕಿಸಿಕೊಂಡದ್ದು. ಪ್ಯಾಂಟ್, ಇಲ್ಲವೇ ಮಂಡಿಯವರೆಗಿನ ನೀಟಾದ ಚಡ್ಡಿ. ಜೀನ್ಸ್, ಟ್ರ್ಯಾಕ್ ಪ್ಯಾಂಟ್, ತುಂಬ ಜೇಬುಗಳ ಕಾರ್ಗೊ, ದುಂಡು ಕತ್ತಿನ ಬನಿಯನ್ ಥರದ ಟೀ ಶರ್ಟ್ ನಡೆಯುವುದಿಲ್ಲ. ಷೂವಿನ ತಳದಲ್ಲಿ ಲೋಹದ ಮೊಳೆ ಇರಬಾರದು, ರಬ್ಬರ್ ಮೊಳೆ ಇರಬೇಕು. ಆಟ ಮುಗಿದ ಮೇಲೆ ಒಳಗೆ ಕೂತು ಊಟ ಮಾಡಲು ಇನ್ನೊಂದು ಜೊತೆ ಬಟ್ಟೆ, ಷೂ ಕಾರಿನಲ್ಲಿರಲಿ, ಚಪ್ಪಲಿಯಲ್ಲಿ ಬಿಡುವುದಿಲ್ಲ. ಪಂಚೆಯ ವಿಷಯ ಮೊದಲೇ ಕೇಳಿಬಿಡಿ. ಚೆನ್ನೈನ ಕ್ಲಬ್ ಒಂದು ವೇಷ್ಟಿಯುಟ್ಟ ನ್ಯಾಯಮೂರ್ತಿಯನ್ನೇ ಹೊರಗೆ ನಿಲ್ಲಿಸಿ, 2014ರಲ್ಲಿ ತಮಿಳುನಾಡು ಸರ್ಕಾರ ಅದಕ್ಕೊಂದು ಕಾಯ್ದೆಯನ್ನೇ ತರಬೇಕಾಯಿತು. ಮೈಸೂರು ಪೇಟ, ಪಂಚೆಗೆ ಹೆಸರಾದ ಊರಿನಲ್ಲಿ ಅಂಥ ಪ್ರಶ್ನೆ ಏಳಬಾರದು ಎನ್ನುವುದು ನಮ್ಮ ಅಭಿಪ್ರಾಯ. ಆದರೂ ಬಾಗಿಲಲ್ಲಿ ನಿಂತು ಚರ್ಚಿಸುವ ಬದಲು ಪತ್ರದಲ್ಲೇ ಕೇಳುವುದು ಕ್ಷೇಮ.

ಚೀಲದಲ್ಲಿ 14 ಕ್ಲಬ್‌ಗಿಂತ ಹೆಚ್ಚಿಗೆ ಇರುವಂತಿಲ್ಲ. ಪ್ರವಾಸಕ್ಕೆ ಅಷ್ಟೂ ಬೇಕಿಲ್ಲ, ಒಂಬತ್ತು ಹತ್ತು ಸಾಕು. ತುಂಬಿದ ಚೀಲ ಹನ್ನೆರಡು ಕೆಜಿಗೂ ಮೀರುತ್ತದೆ, ಬಸ್ಸಿನ ಡಿಕ್ಕಿಯಲ್ಲಿ ಹಾಕುವಾಗ ಡ್ರೈವರ್ ಎನ್ನುವ ಉದ್ದನೆಯ ಕ್ಲಬ್‌ನ ಶಾಫ್ಟ್ ಮುರಿಯುವುದೇ ಹೆಚ್ಚು. ಅದನ್ನು ತಲೆಕೆಳಗು ಮಾಡಿ ಇಡಿ, ಇಲ್ಲವೇ ತಲೆಗೆ ಟವೆಲ್ ಸುತ್ತಿ. ಬಾಡಿಗೆ ಸೆಟ್ ತೆಗೆದುಕೊಳ್ಳುವವರು ಹಿಡಿಯ ರಬ್ಬರನ್ನು ಕೈಯಲ್ಲಿ ತಿರುಚಿ ನೋಡಬೇಕು. ಬಿಸಿಲಿಗೆ ಒಣಗಿ ನುಣುಪಾಗಿದ್ದರೆ ಬೆವರಿದ ಕೈಯಿಂದ ಜಾರುತ್ತದೆ. ಎಡಗೈ ಆಟಗಾರರಿಗೆ ಬಾಡಿಗೆ ಸೆಟ್ ಸಿಗುವುದು ಕಷ್ಟ, ನಿಮ್ಮದನ್ನೇ ತನ್ನಿ. ಕೈಗವಸು ಎರಡು ಇರಲಿ, ಮೂರು ಹೋಲ್‌ಗೊಮ್ಮೆ ಬದಲಿಸಿ, ತೆಗೆದದ್ದನ್ನು ಚೀಲದ ಹೊರಗೆ ಕ್ಲಿಪ್ ಮಾಡಿ ಗಾಳಿಗೆ ಬಿಡಿ. ಜೇಬಿನಲ್ಲಿ ಮುದುರಿಟ್ಟರೆ ಬೆವರಿನ ಉಪ್ಪಿಗೆ ಚರ್ಮ ಗಟ್ಟಿಯಾಗುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಅಂಗೈಯನ್ನು ಒರೆಸದೆ ಕ್ಲಬ್ ಹಿಡಿಯಬೇಡಿ.

ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕ. ಬಾಯಾರಿದ ಮೇಲೆ ಕುಡಿಯುವ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು, ಪ್ರತಿ ಟೀಯಲ್ಲಿ ಎರಡು ಗುಟುಕು. ಒಂದು ದೊಡ್ಡ ಪೊಟ್ಟಣ ಓಆರ್‌ಎಸ್ ಒಂದು ಲೀಟರ್ ನೀರಿಗೆ, ಅರ್ಧ ಲೀಟರಿಗೆ ಸುರಿದರೆ ಉಪ್ಪು ಹೆಚ್ಚಾಗುತ್ತದೆ. ನಡುವಿನ ಗುಡಿಸಲಿನಲ್ಲಿ ಎಳನೀರು, ನೀರುಮಜ್ಜಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಬಿಯರ್ ಆಟ ಮುಗಿದ ಮೇಲಿನ ಮಾತು. ನಡುವೆ ಬೆವರು ನಿಂತು ತಲೆ ಸುತ್ತಿದರೆ, ಇಲ್ಲವೇ ಮಾತು ತೊದಲಿದರೆ ಅದು ಆಯಾಸವಲ್ಲ. ನೆರಳಿಗೆ ಕರೆದೊಯ್ದು ಮೈಮೇಲೆ ನೀರು ಹಾಕಿ ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಬೇಕು.

ಕ್ಯಾಡಿಯ ಬಗ್ಗೆ ಒಂದೆರಡು ಮಾತು. ಕ್ಯಾಡಿಯನ್ನು ಕೊಡುವವರು ಕ್ಯಾಡಿ ಮಾಸ್ಟರ್, ಸರದಿ ಪ್ರಕಾರ. ಗೇಟಿನ ಹೊರಗೆ ನೀವೇ ಯಾರನ್ನೋ ಮಾತಾಡಿಕೊಂಡರೆ ಸರದಿಯಲ್ಲಿ ಕೂತವರ ಹೊಟ್ಟೆಯ ಮೇಲೆ ಹೊಡೆದಂತೆ. ಕೂಲಿ ಎಷ್ಟು, ಅದನ್ನು ಕೌಂಟರಿನಲ್ಲಿ ಕಟ್ಟಬೇಕೋ ಕೈಗೆ ಕೊಡಬೇಕೋ ಎಂದು ಮೊದಲ ಹೋಲ್‌ಗೆ ಮುಂಚೆಯೇ ತಿಳಿದುಕೊಳ್ಳಿ. ಟಿಪ್ಸ್ ಬೇರೆ. ಚಿಲ್ಲರೆ ನೋಟು ಜೇಬಿನಲ್ಲಿರಲಿ. ಮೊದಲ ಟೀಯಲ್ಲೇ ‘ಅಣ್ಣಾ, ನನಗೆ ದೂರ ಮಾತ್ರ ಹೇಳಿ ಸಾಕು’ ಅಂತಲೋ, ‘ಪಟ್‌ನ ಗೆರೆಯನ್ನೂ ತೋರಿಸಿ’ ಅಂತಲೋ ಹೇಳಿಬಿಟ್ಟರೆ ಇಬ್ಬರಿಗೂ ಹಿತ. ಅವರು ಹೇಳುವ ದೂರ ಗಜದಲ್ಲಿ. ಆ ಮೈದಾನದ ಗ್ರೀನ್‌ನ ಓಟ ಯಾವ ಮೊಬೈಲ್ ಆ್ಯಪ್‌ಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು. ‘ಎಡಕ್ಕೆ ಎರಡು ಕಪ್’ ಎಂದರೆ ಎರಡು ಗುಳಿಯ ಅಗಲದಷ್ಟು ಎಡಕ್ಕೆ ಗುರಿಯಿಟ್ಟು ಹೊಡೆಯಿರಿ, ಸುಮ್ಮನೆ.

ಯಾವ ಟೀಯಿಂದ ಆಡಬೇಕೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. 5 ಐರನ್ ಎಂಬ ಕ್ಲಬ್‌ನಿಂದ ನೀವು ಹೊಡೆಯುವ ದೂರವನ್ನು 36ರಿಂದ ಗುಣಿಸಿ. 150 ಗಜ ಹೊಡೆಯುವವರಿಗೆ ಮೈದಾನದ ಒಟ್ಟು ಉದ್ದ 5,400 ಗಜ ಬರುವ ಟೀ. ಹಿಂದಿನ ಟೀಯಿಂದ ಆಡಿ ಪೌರುಷ ತೋರಿಸಲು ಹೋದವರಿಂದಲೇ ಮೈದಾನ ನಿಧಾನವಾಗುವುದು. ಮಂಗಳೂರಿನಂಥ ಸಮುದ್ರಮಟ್ಟದ ಊರಿನಿಂದ ಬಂದವರಿಗೆ ಇನ್ನೊಂದು ಮಾತು. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವುದರಿಂದ ಚೆಂಡು ಶೇ 2ರಿಂದ 3ರಷ್ಟು ಹೆಚ್ಚು ಹಾರುತ್ತದೆ. 150 ಗಜದ ಹೊಡೆತಕ್ಕೆ ಮೂರು ನಾಲ್ಕು ಗಜ, ಗ್ರೀನ್ ಹಿಂದಿನ ಬಂಕರ್ (ಮರಳುಗುಂಡಿ) ಮುಟ್ಟಲು ಒಮ್ಮೊಮ್ಮೆ ಅಷ್ಟು ಸಾಕು.

ಉಷ್ಣವಲಯದ ಮೈದಾನದ ನಿಜವಾದ ಕಿಲಾಡಿ ಅಂದರೆ ಹುಲ್ಲು. ಬರ್ಮುಡಾ ಎಂದು ಎಲ್ಲರೂ ಕರೆಯುವ ಈ ಹುಲ್ಲು ಬೇರೆ ಯಾವುದೂ ಅಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆ. ಗ್ರೀನ್‌ಗಳಲ್ಲಿ ಅದರ ಕುಳ್ಳ ಮಿಶ್ರತಳಿ ಬೆಳೆಸುತ್ತಾರೆ. ಚಳಿ ದೇಶದ ಹುಲ್ಲು ನೆಟ್ಟಗೆ ನಿಲ್ಲುತ್ತದೆ, ಗರಿಕೆ ನೆಲದ ಮೇಲೆ ಹರಡಿಕೊಂಡು ಒಂದು ದಿಕ್ಕಿಗೆ ಮಲಗುತ್ತದೆ. ಆ ದಿಕ್ಕಿನಲ್ಲಿ ಹೊಡೆದ ಪಟ್ ಓಡುತ್ತದೆ, ಎದುರಾಗಿ ಹೊಡೆದದ್ದು ಅರ್ಧ ದಾರಿಯಲ್ಲೇ ಉಸಿರು ಬಿಡುತ್ತದೆ, ಅಡ್ಡಲಾಗಿ ಹೊಡೆದದ್ದು ಇಳಿಜಾರಿಲ್ಲದಿದ್ದರೂ ತಿರುಗುತ್ತದೆ. ತಿಳಿಯುವುದು ಹೇಗೆ? ಚೆಂಡಿನ ಹಿಂದೆ ನಿಂತು ಗುಳಿಯ ಕಡೆ ನೋಡಿದಾಗ ಹುಲ್ಲು ಬೆಳ್ಳಗೆ ಹೊಳೆದರೆ ಅದು ನಿಮ್ಮಿಂದ ಆಚೆಗೆ ಮಲಗಿದೆ, ಕಪ್ಪು ಹಸಿರಾಗಿ ಕಂಡರೆ ನಿಮ್ಮ ಕಡೆಗೆ. ಅನುಮಾನ ಬಂದರೆ ಗುಳಿಯ ಹತ್ತಿರ ಹೋಗಿ ಬಗ್ಗಿ ನೋಡಿ. ಒಂದು ಬದಿಯ ಅಂಚು ಕತ್ತರಿಸಿದಂತೆ ಚೊಕ್ಕವಾಗಿರುತ್ತದೆ, ಎದುರು ಬದಿಯದು ಸವೆದು ಕಂದಾಗಿ ಹರಕು ಮುರುಕಾಗಿರುತ್ತದೆ. ಹುಲ್ಲು ಬೆಳೆಯುತ್ತಿರುವುದು ಆ ಹರಕು ಅಂಚಿನ ಕಡೆಗೆ. ಬೆಳಿಗ್ಗೆ ಇಬ್ಬನಿ ಇರುವಾಗ ಎಲ್ಲ ಪಟ್‌ಗಳೂ ನಿಧಾನ, ಒಂಬತ್ತರ ಹೊತ್ತಿಗೆ ಒಣಗಿದಾಗ ಅದೇ ಬಲದ ಪಟ್ ಮೂರಡಿ ಮುಂದೆ ಹೋಗುತ್ತದೆ. ಫೇರ್‌ವೇ ಪಕ್ಕದ ಉದ್ದ ಹುಲ್ಲಿನ ರಫ್‌ನಲ್ಲಿ ಚೆಂಡು ಗರಿಕೆಯ ತಳಕ್ಕೆ ಇಳಿದು ಕೂರುತ್ತದೆ, ಎಲೆಗಳು ಕ್ಲಬ್‌ನ ಕುತ್ತಿಗೆಗೆ ಸುತ್ತಿ ಮುಖವನ್ನು ತಿರುಚಿಬಿಡುತ್ತವೆ. ಹಿಡಿತ ಸ್ವಲ್ಪ ಬಿಗಿ ಮಾಡಿ, ಚೆಂಡನ್ನು ಮೇಲಕ್ಕೆತ್ತುವ ವೆಜ್ ಎಂಬ ಕ್ಲಬ್‌ನಿಂದ ಫೇರ್‌ವೇಗೆ ತಂದರೆ ಸಾಕು, ಗ್ರೀನ್ ಮುಟ್ಟುವ ಆಸೆ ಬೇಡ.

ಅತಿಥಿಗಳ ಮೇಲೆ ಸದಸ್ಯರ ಮುಖ್ಯ ದೂರು ಪಿಚ್ ಮಾರ್ಕ್‌ನದು. ಎತ್ತರದಿಂದ ಬಿದ್ದ ಚೆಂಡು ಗ್ರೀನ್‌ನಲ್ಲಿ ಕುಳಿ ಮಾಡುತ್ತದೆ. ಸರಿಪಡಿಸಲು ಎರಡು ಹಲ್ಲಿನ ಚಿಕ್ಕ ಫೋರ್ಕ್ ಇದೆ. ಬಹಳ ಜನ ಅದನ್ನು ಕುಳಿಯ ಕೆಳಗೆ ತೂರಿಸಿ ಮಣ್ಣನ್ನು ಮೇಲಕ್ಕೆ ಮೀಟುತ್ತಾರೆ. ಅದರಿಂದ ಬೇರು ಕಿತ್ತು ಅಲ್ಲೊಂದು ಕಂದು ಮಚ್ಚೆ ವಾರಗಟ್ಟಲೆ ಉಳಿಯುತ್ತದೆ. ಫೋರ್ಕನ್ನು ಕುಳಿಯ ಹೊರ ಅಂಚಿನಲ್ಲಿ ಚುಚ್ಚಿ, ಸುತ್ತಲೂ ನಾಲ್ಕೈದು ಕಡೆಯಿಂದ ಹುಲ್ಲನ್ನು ನಡುವಿಗೆ ತಳ್ಳಬೇಕು. ಆಮೇಲೆ ಪಟರ್‌ನ ತಳದಿಂದ ಮೆಲ್ಲಗೆ ತಟ್ಟಬೇಕು. ಹತ್ತು ಸೆಕೆಂಡಿನ ಕೆಲಸ. ಫೇರ್‌ವೇಯಲ್ಲಿ ಕಿತ್ತುಹೋದ ಹುಲ್ಲಿನ ಗುಂಡಿಗೆ ಕ್ಯಾಡಿಯ ಬಾಟಲಿಯಿಂದ ಮರಳು ತುಂಬಿಸಿ, ಬಂಕರ್‌ನಲ್ಲಿ ನಿಮ್ಮ ಹೆಜ್ಜೆಯನ್ನು ರೇಕ್‌ನಿಂದ ಅಳಿಸಿ.

ಮಳೆಗಾಲದ ನಿಯಮಗಳು ಗೊತ್ತಿದ್ದರೆ ಸುಮ್ಮನೆ ಹೊಡೆತ ಕಳೆದುಕೊಳ್ಳುವುದು ತಪ್ಪುತ್ತದೆ. ಚೆಂಡು ತನ್ನದೇ ಗುಂಡಿಯಲ್ಲಿ ಹೂತರೆ, ಬಂಕರ್ ಮತ್ತು ಪೆನಾಲ್ಟಿ ಪ್ರದೇಶಗಳನ್ನು (ಕೆರೆ, ಹಳ್ಳದಂಥ ಜಾಗ) ಬಿಟ್ಟು ಉಳಿದೆಡೆ, ದಂಡವಿಲ್ಲದೆ ಎತ್ತಿ ಒರೆಸಿ ಒಂದು ಕ್ಲಬ್ ಉದ್ದದೊಳಗೆ, ಗುಳಿಗೆ ಹತ್ತಿರವಾಗದಂತೆ ಮಂಡಿಯ ಎತ್ತರದಿಂದ ಬೀಳಿಸಬಹುದು. ನಿಂತ ಮಳೆನೀರಿನಿಂದಲೂ ಹಾಗೆಯೇ. ಬಂಕರ್ ಪೂರ್ತಿ ನೀರಾಗಿದ್ದರೆ ಅದರೊಳಗೇ ನೀರು ಕಡಿಮೆ ಇರುವ ಕಡೆ ಬೀಳಿಸಲು ದಂಡವಿಲ್ಲ, ಹೊರಗೆ ತರಲು ಒಂದು ಹೊಡೆತ ದಂಡ. ಒದ್ದೆ ಮರಳು ಗಾರೆಯಂತೆ ಗಟ್ಟಿ, ಅಲ್ಲಿ ದಪ್ಪ ತಳದ ಸ್ಯಾಂಡ್ ವೆಜ್ ಪುಟಿದು ಚೆಂಡನ್ನು ಗ್ರೀನ್ ದಾಟಿಸುತ್ತದೆ. ಚೆಂಡು ಹುಡುಕಲು ಮೂರೇ ನಿಮಿಷ, 2019ರಿಂದ ಹಾಗೆ. ಅಷ್ಟರಲ್ಲಿ ಪೊದೆಗೆ ಕೈಹಾಕಬೇಡಿ, ಕ್ಲಬ್‌ನಿಂದ ಸರಿಸಿ ನೋಡಿ. ನಾಗರ, ಕೊಳಕುಮಂಡಲ ಎರಡೂ ನಮ್ಮ ಸೀಮೆಯವೇ. ಚೆಂಡಿನ ಬಳಿ ಹಾವಿದ್ದರೆ, ಮೇಲಿನ ಕೊಂಬೆಯಲ್ಲಿ ಹೆಜ್ಜೇನು ಎದ್ದಿದ್ದರೆ ದಂಡವಿಲ್ಲದೆ ದೂರಕ್ಕೆ ತಂದು ಆಡಲು ನಿಯಮವೇ ಅವಕಾಶ ಕೊಡುತ್ತದೆ. ಹೆಜ್ಜೇನಿರುವ ಮರದಡಿ ಸೆಂಟು ಹಚ್ಚಿಕೊಂಡು ಹೋಗುವುದೂ, ಕೊಂಬೆಗೆ ಚೆಂಡು ಹೊಡೆಯುವುದೂ ಬೇಡ.

ಕೊನೆಗೆ ಬಿಲ್ಲು. ಸದಸ್ಯರ ಕ್ಲಬ್‌ಗಳಲ್ಲಿ ಅನೇಕ ಕಡೆ ನಗದು ತೆಗೆದುಕೊಳ್ಳುವುದಿಲ್ಲ, ಸದಸ್ಯರೇ ಸಹಿ ಹಾಕಬೇಕು ಅಥವಾ ಅವರ ಕಾರ್ಡಿನಿಂದ ಕಡಿತವಾಗಬೇಕು. ಕರೆದುಕೊಂಡು ಹೋದವರ ಲೆಕ್ಕಕ್ಕೆ ಗ್ರೀನ್ ಫೀ, ಜಿಎಸ್‌ಟಿ, ತಿಂಡಿ ಎಲ್ಲ ಸೇರಿ ತಿಂಗಳ ಕೊನೆಗೆ ಬರುತ್ತದೆ. ಅವರು ಸಂಕೋಚಕ್ಕೆ ಕೇಳುವುದಿಲ್ಲ. ಕಾರು ಹತ್ತುವ ಮೊದಲೇ ಲೆಕ್ಕ ಮಾಡಿ ಅವರ ಫೋನಿಗೆ ಹಣ ಕಳಿಸಿಬಿಡಿ.

ಇಷ್ಟನ್ನು ಒಂದು ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಲಬ್‌ಗಳ ಪಾಲೂ ಇದೆ. ವಿಸಿಟರ್‌ಗಳ ನಿಯಮ ಎಲ್ಲೋ ಒಳಗಿನ ನೋಟಿಸ್ ಬೋರ್ಡಿನಲ್ಲಿ, ಅದೂ ಇಂಗ್ಲಿಷಿನಲ್ಲಿ ಇದ್ದರೆ ಗೇಟಿನಲ್ಲಿ ನಿಂತವರಿಗೆ ಏನು ಪ್ರಯೋಜನ? ನಮ್ಮ ಭಾಗದ ಗಾಲ್ಫ್ ಕ್ಲಬ್‌ಗಳು ಗೇಟಿನ ಹೊರಗೆ ಕನ್ನಡದಲ್ಲಿ ಒಂದು ಫಲಕ ಹಾಕಲಿ: ಹೊರಗಿನವರಿಗೆ ಯಾವ ದಿನ, ಯಾವ ಹೊತ್ತಿಗೆ ಅವಕಾಶ, ವಾರದ ದಿನ ಮತ್ತು ಭಾನುವಾರದ ಗ್ರೀನ್ ಫೀ, ಕ್ಯಾಡಿಯ ಕೂಲಿ, ಉಡುಪು, ಮೈದಾನ ಮುಚ್ಚಿರುವ ದಿನಗಳು, ಕಚೇರಿಯ ಫೋನ್ ಮತ್ತು ಅದು ತೆರೆದಿರುವ ವೇಳೆ. ಕ್ಯಾಡಿಯ ಕೂಲಿ ಬಹಿರಂಗವಾಗಿ ಬರೆದಿದ್ದರೆ ಚೌಕಾಸಿ ಮಾಡುವವರ ಬಾಯಿಯೂ ಮುಚ್ಚುತ್ತದೆ. ತಾವೂ ಮುಂದಿನ ಬಾರಿ ಆ ಪಟ್ಟಿ ಪ್ರಕಟಿಸುವಾಗ ಗಾಲ್ಫ್ ಮೈದಾನದ ಮುಂದೆ ‘ಮುಂಚಿತ ಅನುಮತಿ ಕಡ್ಡಾಯ’ ಎಂಬ ಮೂರು ಪದ ಹೆಚ್ಚುವರಿಯಾಗಿ ಸೇರಿಸಬೇಕೆಂದು ಕೋರಿಕೆ. ಮೂರು ಪದಕ್ಕೆ ಜಾಗದ ಅಭಾವವಾಗದು.

ಇಂತಿ,
ಗಾಲ್ಫ್ ಆಡುವ ಕೆಲವು ಓದುಗರು
ಸಿದ್ಧಾರ್ಥನಗರ, ಮೈಸೂರು